ಅಪ್ಪನ ಮರ್ಫಿ ರೇಡಿಯೊ ಮೇಲಿನ ಕಾಗದದ ಪಟ್ಟಿ: ಈ ಅಕ್ಷರ ಯಾರಾದರೂ ಓದಿ ಹೇಳುತ್ತೀರಾ?

ಶಹಾಬಜಾರ್ ಮಗಳು:

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಶಹಾಬಜಾರಿನ ನಮ್ಮ ಹಳೇ ಮನೆಯನ್ನು ಈ ತಿಂಗಳು ಖಾಲಿ ಮಾಡುತ್ತಿದ್ದೇವೆ. ಮಾಳಿಗೆ ಎಲ್ಲ ಕಡೆ ಸೋರುತ್ತದೆ, ಇನ್ನು ಇರಲು ಆಗುವುದಿಲ್ಲ. ಅಟ್ಟದ ಮೇಲೆ ಹಳೇ ಧೋತರದಲ್ಲಿ ಸುತ್ತಿಟ್ಟ ಅಪ್ಪನ ಮರ್ಫಿ ರೇಡಿಯೊ ಸಿಕ್ಕಿತು. ವಾಲ್ವಿನ ರೇಡಿಯೊ, ಅಂದರೆ ಒಳಗೆ ಗಾಜಿನ ಬಲ್ಬಿನಂಥ ವಾಲ್ವುಗಳು ಇರುವಂಥದ್ದು. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಬಂಗಾರ ಬಣ್ಣದ ಬಟ್ಟೆ, ಅದರ ಕೆಳಗೆ ಉದ್ದದ ಗಾಜಿನ ಡಯಲ್. ಬಟ್ಟೆಯನ್ನು ಇಲಿ ಕಡಿದಿದೆ. ಉಳಿದದ್ದೆಲ್ಲ ಹಾಗೇ ಇದೆ.

ಡಯಲಿನ ಕೆಳಗೆ ಕಟ್ಟಿಗೆಯ ಮೇಲೆ ಅಪ್ಪ ಒಂದು ಕಾಗದದ ಪಟ್ಟಿ ಅಂಟಿಸಿದ್ದರು. ಎರಡು ಬೆರಳಿನಷ್ಟು ಅಗಲ. ಅದರಲ್ಲಿ ಎರಡು ಸಾಲು. ಮೇಲಿನ ಸಾಲು ಕೆಂಪು ಪೆನ್ಸಿಲಿನದು, ಕೆಳಗಿನದು ನೀಲಿ. ಲೆಕ್ಕದವರು ಇಟ್ಟುಕೊಳ್ಳುತ್ತಿದ್ದರಲ್ಲ, ಒಂದು ತುದಿ ಕೆಂಪು ಒಂದು ತುದಿ ನೀಲಿ, ಅದೇ ಪೆನ್ಸಿಲ್. ರಿಪೇರಿಗೆ ತೋರಿಸಿದೆ. ಪೆಟ್ಟಿಗೆಗೆ ಪಾಲಿಶ್ ಹೊಡೆಯಬೇಕಾದರೆ ಈ ಕಾಗದ ಕೆರೆದು ತೆಗೆಯಬೇಕು ಅಂದರು. ಅಲ್ಲೇ ಬಟ್ಟೆ ಮುಚ್ಚಿಕೊಂಡು ವಾಪಸ್ ತಂದೆ. ಏನು ಬರೆದಿದೆ ಅಂತ ಗೊತ್ತಾಗದೆ ಅದನ್ನು ಯಾರ ಕೈಗೂ ಕೊಡುವುದಿಲ್ಲ.

ಓದಲು ನನಗೆ ಯಾಕೆ ಬರುವುದಿಲ್ಲ ಅಂದರೆ ಅದು ಉರ್ದು. ಅಪ್ಪ ಶಾಲೆಗೆ ಹೋಗಿದ್ದು ನಿಜಾಮರ ಕಾಲದಲ್ಲಿ. ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು, ಪಾಠ ಉರ್ದುವಿನಲ್ಲಿ. 1956ರ ನವೆಂಬರ್ 1ಕ್ಕೆ ನಾವು ಇತ್ತ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಅವರ ಓದು ಮುಗಿದು, ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದರು. ಮನೆಯಲ್ಲಿ ಮಾತು ಕನ್ನಡ. ಬೆಳಿಗ್ಗೆ ವಚನ ಹೇಳಿಕೊಳ್ಳುವುದು ಕನ್ನಡ. ಪೆನ್ಸಿಲ್ ಹಿಡಿದರೆ ಮಾತ್ರ ಉರ್ದು. ಹಾಲಿನ ಲೆಕ್ಕ, ಅಗಸರ ಲೆಕ್ಕ, ನಮಗೆ ಜ್ವರ ಬಂದ ತಾರೀಖು, ಎಲ್ಲ ಬಲದಿಂದ ಎಡಕ್ಕೆ. ಕಲಿಸಿರಿ ಅಂತ ಕೇಳಿದರೆ 'ನೀವು ಕನ್ನಡ ಶಾಲೆಯ ಮಕ್ಕಳು, ನಿಮಗ್ಯಾಕೆ' ಅನ್ನುತ್ತಿದ್ದರು. ಕಲಿಯಬೇಕಿತ್ತು.

ಫೋಟೊ ಹಾಕಲು ನೋಡಿದೆ, ಅಕ್ಷರ ಮಸುಕಾಗಿ ಏನೂ ಕಾಣುವುದಿಲ್ಲ. ಅದಕ್ಕೆ ಕಂಡಂತೆ ಬರೆಯುತ್ತೇನೆ.

ಕೆಂಪು ಸಾಲು: ಗಾಜಿನ ಮೇಲೆ 60 ಅಂತ ಇರುವ ಕಡೆ ಒಂದು ದೋಣಿ, ಅದರ ಕೆಳಗೆ ಒಂದು ಚುಕ್ಕೆ. 70 ದಾಟಿದ ಮೇಲೆ ಎರಡು ಅಕ್ಷರ ಒತ್ತೊತ್ತಾಗಿ. ಮೊದಲನೆಯದಕ್ಕೆ ಮೇಲೆ ಹಕ್ಕಿಯ ಕೊಕ್ಕು, ಕೆಳಗೆ ದೊಡ್ಡ ಹೊಟ್ಟೆ. ಎರಡನೆಯದು ಮಡಿಚಿದ ಮೊಣಕೈ ಹಾಗೆ. ಆಮೇಲೆ 110ರ ಹತ್ತಿರ ಒಂದು ಅಕ್ಷರ, ಅದರ ತಲೆ ಮೇಲೆ ಎರಡು ಓರೆ ಗೀಟು. ಇದೊಂದಕ್ಕೆ ಮಾತ್ರ ಸುತ್ತಲೂ ಗುಂಡಗೆ ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಸಣ್ಣದಾಗಿ ಎರಡು ನೆಟ್ಟಗಿನ ಗೀಟು, ಒಂದರ ಪಕ್ಕ ಒಂದು.

ನೀಲಿ ಸಾಲು: 25 ಮತ್ತು 41 ಎರಡೂ ಕಡೆ ಮೂರು ಹಲ್ಲಿನ ಒಂದೇ ಅಕ್ಷರ. 31ರ ಹತ್ತಿರ ಮತ್ತೆ ಅದೇ ಚುಕ್ಕೆಯ ದೋಣಿ. 19ರ ಹತ್ತಿರ ಗುಂಡು ತಲೆ, ಕೆಳಗೆ ಬಾಲ.

ನಾನು ಹುಟ್ಟಿದ್ದು 1962ರಲ್ಲಿ. ನನಗೆ ತಿಳಿವಳಿಕೆ ಬಂದಾಗಿನಿಂದ ಈ ಪೆಟ್ಟಿಗೆ ಪಡಸಾಲೆಯ ಮಾಡದಲ್ಲಿ ಇತ್ತು. ಮೇಲೆ ಅವ್ವ ಕಸೂತಿ ಹಾಕಿದ ಬಟ್ಟೆ. ಮಾಡದಿಂದ ಎದುರಿನ ಮೂಲೆಯವರೆಗೆ ತಾಮ್ರದ ಜಾಳಿಗೆಯ ಏರಿಯಲ್ ಕಟ್ಟಿದ್ದರು, ರಿಬ್ಬನ್ ಹಾಗೆ ಅಗಲ. ಗುಬ್ಬಿ ಬಂದು ಅದರ ಮೇಲೆ ಕೂತರೆ ಅಪ್ಪ ಓಡಿಸುತ್ತಿರಲಿಲ್ಲ, ಅದು ಹಾರುವವರೆಗೆ ಕಾಯುತ್ತಿದ್ದರು. ಬಟನ್ ತಿರುಗಿಸಿದ ಕೂಡಲೇ ಹಾಡು ಬರುವುದಿಲ್ಲ. ಮೊದಲು ಗಾಜಿನ ಹಿಂದೆ ಹಳದಿ ದೀಪ. ಆಮೇಲೆ ಬಿಸಿಯಾದ ಧೂಳಿನ ವಾಸನೆ. ಅರ್ಧ ನಿಮಿಷ ಆದ ಮೇಲೆ ದೂರದಿಂದ ಯಾರೋ ನಡೆದು ಬರುತ್ತಿದ್ದಾರೆ ಅನ್ನುವ ಹಾಗೆ ಧ್ವನಿ ಏಳುತ್ತಿತ್ತು. ಸ್ಟೇಷನ್ ಸರಿಯಾಗಿ ಸಿಕ್ಕರೆ ಮೂಲೆಯ ಹಸಿರು ಕಣ್ಣು ಕೂಡಿಕೊಳ್ಳುತ್ತಿತ್ತು. ಆ ಕಣ್ಣು ನೋಡುವುದು ನನ್ನ ಕೆಲಸ. 'ಕೂಡಿತೇನವ್ವಾ' ಅಂತ ಅಪ್ಪ ಕೇಳುವುದು, 'ಇನ್ನೂ ಸ್ವಲ್ಪ' ಅಂತ ನಾನು ಹೇಳುವುದು. ತಿರುಗುಣಿ ಮುಟ್ಟುವ ಹಕ್ಕು ಮಾತ್ರ ಅವರೊಬ್ಬರದೇ.

ಒಂದು ಸಲ ಆ ಹಸಿರು ಕಣ್ಣೇ ಆರಿಹೋಯಿತು, ಅದೂ ಒಂದು ವಾಲ್ವೇ. ಆಗ ನನಗೆ ಹನ್ನೊಂದು ವರ್ಷ. ಹೊಸ ವಾಲ್ವ್ ತರಲು ಅಪ್ಪ ನನ್ನನ್ನು ಹೈದರಾಬಾದಿಗೆ ಕರೆದುಕೊಂಡು ಹೋದರು. ವಾಡಿ ಜಂಕ್ಷನ್ನಿನಲ್ಲಿ ಬುತ್ತಿ ಬಿಚ್ಚಿದೆವು, ರೊಟ್ಟಿ, ಶೇಂಗಾ ಹಿಂಡಿ. ಅಲ್ಲಿಯ ಅಬಿಡ್ಸ್ ಬಜಾರಿನಲ್ಲಿ ರೇಡಿಯೊ ಕೊಂಡಿದ್ದ ಅದೇ ಅಂಗಡಿ. ನಾನು ಅಷ್ಟು ದೊಡ್ಡ ಅಂಗಡಿ ಅಲ್ಲಿಯವರೆಗೆ ನೋಡಿರಲಿಲ್ಲ. ನಮ್ಮೂರಲ್ಲಿ ಬಟ್ಟೆಗೆ ಕಪಡಾ ಬಜಾರ್, ಸಾಮಾನಿಗೆ ಕಿರಾಣಾ ಬಜಾರ್, ಒಂದೊಂದಕ್ಕೆ ಒಂದೊಂದು ಓಣಿ. ಅಲ್ಲಿ ಕೆಳಗೆ ಪಿಂಗಾಣಿ ಮತ್ತು ಬಟ್ಟೆ, ನಡುವೆ ಅಗಲವಾದ ಮೆಟ್ಟಿಲು, ಮೇಲೆ ಬರೀ ರೇಡಿಯೊ ಮತ್ತು ರೆಕಾರ್ಡು. ಗೋಡೆ ಮೇಲೆ ತುಟಿಗೆ ಬೆರಳಿಟ್ಟ ಮರ್ಫಿ ಮಗುವಿನ ಚಿತ್ರ. ಅಂಗಡಿಯವರು ವಾಲ್ವನ್ನು ಒಂದು ಪೆಟ್ಟಿಗೆಗೆ ಚುಚ್ಚಿ ಪರೀಕ್ಷೆ ಮಾಡಿದರು. ಹಸಿರು ಬೆಳಕು ಹತ್ತಿತು. ಅಪ್ಪ ನನ್ನನ್ನು ಎತ್ತಿ ತೋರಿಸಿದರು, ಎತ್ತುವ ವಯಸ್ಸು ದಾಟಿದ್ದರೂ. ವಾಪಸ್ ಬರುವಾಗ ಆ ವಾಲ್ವ್ ಹತ್ತಿಯಲ್ಲಿ ಸುತ್ತಿ ನನ್ನ ಉಡಿಯಲ್ಲಿ ಇಟ್ಟರು. ರೈಲಿನಲ್ಲಿ ನಿದ್ದೆ ಮಾಡಲಿಲ್ಲ.

ಉರ್ದು ಬಲ್ಲವರು, ರೇಡಿಯೊ ಬಲ್ಲವರು ಹೇಳಿರಿ. ಆ ಗುಂಡಗೆ ಗೆರೆ ಎಳೆದದ್ದು ಯಾವುದು?

ರೋಜಾ ಓಣಿ:

ಅಕ್ಕಾ, ಆದಾಬ್. ನಾನು ಉರ್ದು ಶಾಲೆಯಲ್ಲಿ ಮೇಷ್ಟ್ರು, ದರ್ಗಾದ ಹತ್ತಿರದವನು. ನೀವು ಎಷ್ಟು ಚೆನ್ನಾಗಿ ವಿವರಿಸಿದ್ದೀರಿ ಅಂದರೆ ಫೋಟೊ ಬೇಕಾಗಲಿಲ್ಲ.

ದೋಣಿ, ಕೆಳಗೆ ಚುಕ್ಕೆ: ಅದು 'ಬೇ', ನಮ್ಮ 'ಬ'. ಕೊಕ್ಕು ಮತ್ತು ಹೊಟ್ಟೆ: 'ಹೇ'. ಉರ್ದುವಿನಲ್ಲಿ ಎರಡು ಥರ ಹೇ ಇದೆ. ಇದು ದೊಡ್ಡ ಹೇ, ಹೈದರಾಬಾದ್ ಬರೆಯುವುದು ಇದರಿಂದಲೇ. ಮೊಣಕೈ ಅಂದರೆ 'ದಾಲ್', ಧಾರವಾಡ ಶುರುವಾಗುವುದು ಅದರಿಂದ. ಮೂರು ಹಲ್ಲು 'ಸೀನ್', ಅದು ರೇಡಿಯೊ ಸಿಲೋನ್ (ಈಗಿನ ಶ್ರೀಲಂಕಾ) ಅಲ್ಲದೆ ಇನ್ನೇನು? ಗುಂಡು ತಲೆ, ಬಾಲ ಅಂದರೆ 'ಮೀಮ್', ಅಂದರೆ 'ಮ'.

ಇನ್ನು ಆ ಎರಡು ಓರೆ ಗೀಟು. ಒಂದೇ ಗೀಟಿದ್ದರೆ 'ಕಾಫ್', ಎರಡಿದ್ದರೆ 'ಗಾಫ್'. ಗಾಫ್ ಅಂದರೆ ಗುಲಬರ್ಗಾ. ನಿಮ್ಮ ತಂದೆಯವರು ಗೆರೆ ಎಳೆದದ್ದು ನಮ್ಮ ಊರಿಗೆ, ಅಕ್ಕಾ. 2014ರಲ್ಲಿ ಹೆಸರು ಕಲಬುರಗಿ ಆಯಿತು, ಅವರ ಕಾಲದಲ್ಲಿ ಸರಕಾರಿ ಕಾಗದದಲ್ಲೆಲ್ಲ ಗುಲಬರ್ಗಾ ಅಂತಲೇ ಅಲ್ವಾ.

ಪಕ್ಕದ ಎರಡು ನೆಟ್ಟಗಿನ ಗೀಟು ಅಕ್ಷರ ಅಲ್ಲ, ಅಂಕಿ. ಉರ್ದುವಿನಲ್ಲಿ ಒಂದು ಅಂದರೆ ಒಂದು ನೆಟ್ಟಗಿನ ಗೀಟು. ಎರಡು ಸೇರಿದರೆ 11. ಯಾಕೆ ಬರೆದರು ಅಂತ ಮನೆಯವರೇ ಹೇಳಬೇಕು.

ನಮ್ಮ ಅಜ್ಜನಿಗೂ ರೇಡಿಯೊ ಅಂದರೆ ಹೈದರಾಬಾದೇ. ಆಗ ಅದು ನಿಜಾಮರ ಡೆಕ್ಕನ್ ರೇಡಿಯೊ, ಆಕಾಶವಾಣಿ ಕೈಗೆ ಬಂದದ್ದು 1950ರಲ್ಲಿ. 1948ರ ಸೆಪ್ಟೆಂಬರ್ 17ರಂದು, ಭಾರತಕ್ಕೆ ಶರಣಾದ ನಿಜಾಮರ ಮಾತು ಅದರಲ್ಲೇ ಬಂತು. ಊರಿನಲ್ಲಿ ರೇಡಿಯೊ ಇದ್ದ ಮನೆ ಬೆರಳೆಣಿಕೆ. ಅಜ್ಜ ಯಾರದೋ ಬಾಗಿಲ ಹೊರಗೆ ನಿಂತು ಕೇಳಿದ್ದರಂತೆ. ಒಳಗೆ ಹಿಂದೂಗಳು, ಮುಸಲ್ಮಾನರು ಒಂದೇ ಚಾಪೆ ಮೇಲೆ ಕೂತಿದ್ದರು, ಯಾರೂ ಮಾತಾಡಲಿಲ್ಲ ಅಂತ ಹೇಳುತ್ತಿದ್ದರು.

ಹಳೇ ಮೆಕ್ಯಾನಿಕ್:

ಅಕ್ಕಾವ್ರೆ, ಮೇಷ್ಟ್ರು ಅಕ್ಷರ ಓದಿದರು, ನಾನು ಅಂಕಿ ಓದುತ್ತೇನೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು.

ಗಾಜಿನ ಮೇಲಿನ ಸಾಲು ಮೀಡಿಯಂ ವೇವ್. ಅಲ್ಲಿನ ಅಂಕಿಗೆ ಒಂದು ಸೊನ್ನೆ ಸೇರಿಸಿ ಓದಬೇಕು. 60 ಅಂದರೆ 600 ಕಿಲೋಹರ್ಟ್ಸ್. ಬೆಂಗಳೂರು ಸ್ಟೇಷನ್ 612, ಅದಕ್ಕೇ ಅಲ್ಲಿಯ 'ಬೇ' ಬೆಂಗಳೂರು. ಹೈದರಾಬಾದ್ 738, ಧಾರವಾಡ 765. ಅವೆರಡು ಒತ್ತೊತ್ತಾಗಿ ಇರಲೇಬೇಕು, ಅಷ್ಟು ಹತ್ತಿರ. ಕಲಬುರಗಿ 1107, ಅದು ನಿಮ್ಮ 110ರ ಹತ್ತಿರದ ಗಾಫ್. ಎಲ್ಲ ಕೂಡಿತು ನೋಡಿ. ಬೆಂಗಳೂರು ನಮಗೆ ಹಗಲು ಸಿಗುವುದು ಕಷ್ಟ. ಕತ್ತಲಾದ ಮೇಲೆ ಮೀಡಿಯಂ ವೇವ್ ದೂರ ಹೋಗುತ್ತದೆ, ಆಗ ತೇಲಿ ತೇಲಿ ಬರುತ್ತಿತ್ತು.

ಕೆಳಗಿನದು ಶಾರ್ಟ್ ವೇವ್, ಅಂಕಿ ಮೀಟರಿನದು. ಸಿಲೋನ್ 25 ಮತ್ತು 41 ಎರಡರಲ್ಲೂ ಸಿಗುತ್ತಿತ್ತು, ಹೊತ್ತು ನೋಡಿ ಬ್ಯಾಂಡ್ ಬದಲಿಸಬೇಕಿತ್ತು. 31ರ 'ಬೇ' ಅಂದರೆ ಬಿಬಿಸಿ. 19ರ 'ಮೀಮ್' ಮಾಸ್ಕೋ. ಮಾಸ್ಕೋದವರು ಕನ್ನಡದಲ್ಲೂ ಪ್ರಸಾರ ಮಾಡುತ್ತಿದ್ದರು, ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

11 ಏನು ಅಂತ ನನಗೆ ಅನಿಸುವುದು ಹೀಗೆ. ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರ ನವೆಂಬರ್ 11. ಹನ್ನೊಂದನೇ ತಿಂಗಳು, ಹನ್ನೊಂದನೇ ತಾರೀಖು. ಅವ್ವನವರು ಇದ್ದರೆ ಕೇಳಿ.

ಈಗ ಕೈ ಮುಗಿದು ಒಂದು ಮಾತು. ಅದನ್ನು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಇಷ್ಟು ವರ್ಷ ಸುಮ್ನೆ ಕೂತ ಸೆಟ್ಟಿನಲ್ಲಿ ಫಿಲ್ಟರ್ ಕಂಡೆನ್ಸರ್ ಒಣಗಿರುತ್ತದೆ. ಏಕದಮ್ ಕರೆಂಟ್ ಕೊಟ್ಟರೆ ಅದು ಸಿಡಿಯುತ್ತದೆ, ಜೊತೆಗೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮತ್ತೆ ಸಿಗುವುದಿಲ್ಲ. ಮೊದಲು ಕಂಡೆನ್ಸರ್ ಬದಲಿಸಬೇಕು. ಆಮೇಲೆ 60 ವ್ಯಾಟಿನ ಹಳೇ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಕರೆಂಟ್ ಆ ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವ ಹಾಗೆ, ಹಾಕಿ ನೋಡಬೇಕು. ಬಲ್ಬ್ ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಿರಿ. ಹತ್ತಿ ಆಮೇಲೆ ಮಂದವಾದರೆ ಒಳ್ಳೆಯ ಸುದ್ದಿ. ಕೆಲವು ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ಒಳಗಿನ ತಗಡಿಗೇ ಕರೆಂಟ್ ಬಂದಿರುತ್ತದೆ. ಬೆನ್ನಿನ ಹಲಗೆ ತೆಗೆದು ಯಾರೂ ಕೈ ಹಾಕಬಾರದು. ವಾಲ್ವುಗಳ ಮೇಲೆ ಏನು ಬರೆದಿದೆ ಅಂತ ನೋಡಿ ಹೇಳಿ. ಬೆಂಗಳೂರಿನ ಬಿಇಎಲ್ ಮಾಡಿದ ವಾಲ್ವಾದರೆ ಈಗಲೂ ಹುಡುಕಿದರೆ ಸಿಗುತ್ತದೆ.

ಪಾಲಿಶ್ ಬೇಡವೇ ಬೇಡ. ಒಣ ಬಟ್ಟೆಯಿಂದ ಒರೆಸಿ, ಆ ಪಟ್ಟಿಯ ಮೇಲೆ ನೀರು ಮಾತ್ರ ಬೀಳದ ಹಾಗೆ ನೋಡಿಕೊಳ್ಳಿ.

ಶಹಾಬಜಾರ್ ಮಗಳು:

ಇಬ್ಬರಿಗೂ ಏನು ಹೇಳಲಿ. ಓದುತ್ತಾ ಕೈ ನಡುಗಿತು.

ಮೀಮ್ ಅಂದರೆ ಮಾಸ್ಕೋ ಅಂದ ಕೂಡಲೇ ನೆನಪಾಯಿತು. ಅಪ್ಪ ಅವರಿಗೆ ಕಾಗದ ಬರೆಯುತ್ತಿದ್ದರು, ಅಲ್ಲಿಂದ ಕ್ಯಾಲೆಂಡರ್ ಬರುತ್ತಿತ್ತು. ನಮ್ಮ ಪುಸ್ತಕಕ್ಕೆಲ್ಲ ಸೋವಿಯತ್ ಪತ್ರಿಕೆಯ ನುಣುಪು ಹಾಳೆಯ ರಟ್ಟು.

31ರ ನೀಲಿ ಬೇ ಬಿಬಿಸಿ ಅಂದದ್ದು ಇನ್ನೂ ಸರಿ. 1984ರ ಅಕ್ಟೋಬರ್ 31. ಇಂದಿರಾ ಗಾಂಧಿಯವರಿಗೆ ಗುಂಡು ತಗುಲಿದೆ ಅಂತ ಊರೆಲ್ಲ ಮಾತು. ಅಪ್ಪ ಅಂಗಡಿಯಿಂದ ನಡುಮಧ್ಯಾಹ್ನ ಬಂದರು, ಚಪ್ಪಲಿ ಬಿಡದೆ ರೇಡಿಯೊ ಹಚ್ಚಿದರು. ಮುಳ್ಳನ್ನು ತಂದು ಈ ನೀಲಿ ಗುರುತಿಗೇ ನಿಲ್ಲಿಸಿದರು, ನಾನು ಪಕ್ಕದಲ್ಲೇ ನಿಂತಿದ್ದೆ. ತೀರಿಹೋದರು ಅಂತ ಬಿಬಿಸಿಯವರು ಹೇಳಿದಾಗ ನಮ್ಮ ಆಕಾಶವಾಣಿ ಇನ್ನೂ ಹೇಳಿರಲಿಲ್ಲ. ಸಂಜೆ ಹೇಳಿದರು. ಅಪ್ಪ ರೇಡಿಯೊ ಆರಿಸಿ, ಓಣಿಯಲ್ಲಿ ಯಾರಿಗೂ ಹೇಳಬೇಡಿ, ಗಲಾಟೆ ಆಗುತ್ತದೆ ಅಂದರು. ನಾಲ್ಕು ಗಂಟೆ ಹೊತ್ತು ನಾವು ಆ ಸುದ್ದಿಯನ್ನು ಮನೆಯೊಳಗೇ ಇಟ್ಟುಕೊಂಡು ಕೂತೆವು.

ಅವ್ವನಿಗೆ 84. ನಾಳೆ ತಮ್ಮನ ಮನೆಗೆ ಹೋಗಿ 11 ಏನು ಅಂತ ಕೇಳುತ್ತೇನೆ.

ಹುಮನಾಬಾದ್ ಹುಡುಗ:

ಅಕ್ಕಾ, ನಿಮ್ಮ ಅಬಿಡ್ಸ್ ಅಂಗಡಿಯ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ಬೀದರ್ ಜಿಲ್ಲೆಯ ನಮಗೂ ದೊಡ್ಡ ಖರೀದಿ ಅಂದರೆ ಹೈದರಾಬಾದೇ. ಅಬಿಡ್ಸ್ ಅನ್ನುವ ಹೆಸರು ಬಂದದ್ದೇ ಒಂದು ಅಂಗಡಿಯಿಂದ. ಆರನೇ ನಿಜಾಮರ ಹತ್ತಿರ ಕೆಲಸಕ್ಕಿದ್ದ ಆಲ್ಬರ್ಟ್ ಅಬಿದ್ ಅನ್ನುವ ಅರ್ಮೇನಿಯಾದವರು ಅಲ್ಲಿ ಅಂಗಡಿ ಇಟ್ಟಿದ್ದರು. ಅಂಗಡಿ ಹೋಯಿತು, ಹೆಸರು ಉಳಿಯಿತು.

ನಮ್ಮ ಕಾಕಾ ಆ ಬಜಾರಿನಿಂದ ರೇಡಿಯೊ ತರಲಿಲ್ಲ, ಗ್ರಾಮಾಫೋನ್ ತಂದರು. ಮದುವೆ, ಜಾತ್ರೆಗೆ ಭೋಂಗಾ (ಧ್ವನಿವರ್ಧಕ) ಕಟ್ಟುವ ಕೆಲಸ ಅವರದು. ಮೊದಲು ಚಾವಿ ಕೊಡುವ ಪೆಟ್ಟಿಗೆ, ಆಮೇಲೆ ಕರೆಂಟಿನದು. ಹಳೇ ಕರೀ ತಟ್ಟೆ ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷ ಸ್ವಲ್ಪ ಜಾಸ್ತಿ, ಒಂದೇ ಹಾಡು. ಅರಗಿನಿಂದ ಮಾಡಿದ್ದು, ಕೈ ಜಾರಿದರೆ ಹಂಚಿನ ಹಾಗೆ ಒಡೆಯುತ್ತದೆ. ಸೂಜಿ ಒಂದೆರಡು ತಟ್ಟೆಗೆ ಸವೆಯುತ್ತಿತ್ತು. ಸವೆದ ಸೂಜಿಗಳನ್ನು ನಾನು ಬೆಂಕಿಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದೆ.

ಆಮೇಲೆ ಬಂದ ಎಲ್ಪಿ ತಟ್ಟೆ 33 ಸುತ್ತಿನದು, ಗೆರೆ ಬಹಳ ಸಣ್ಣ. ಮುಳ್ಳಿನ ತಲೆಯನ್ನು ಹೊರಳಿಸಬೇಕಿತ್ತು, ಒಂದು ಮುಖ 78ಕ್ಕೆ, ಇನ್ನೊಂದು ಎಲ್ಪಿಗೆ. ಒಂದು ಮದುವೆಯಲ್ಲಿ ನಾನು ಹೊರಳಿಸುವುದು ಮರೆತು ದಪ್ಪ ಮುಳ್ಳನ್ನೇ ಹೊಸ ಎಲ್ಪಿ ಮೇಲೆ ಇಟ್ಟೆ. ಮಲ್ಲಿಕಾರ್ಜುನ ಮನಸೂರರ ತಟ್ಟೆ. ಒಂದು ಸುತ್ತಿಗೇ ಅದರ ಧ್ವನಿ ಒರಟಾಯಿತು. ಕಾಕಾ ಬೈಯಲಿಲ್ಲ. ಆದರೆ ಆ ತಟ್ಟೆಯನ್ನು ಮತ್ತೆ ಯಾವತ್ತೂ ಹಾಕಲಿಲ್ಲ, ಮಾರಲೂ ಇಲ್ಲ. ಅದು ಈಗ ನನ್ನ ಹತ್ತಿರ ಇದೆ.

ರೇಡಿಯೊ ಮುಂದಿನ ಬಟ್ಟೆ ಬೇಕಾದರೆ ಹೇಳಿ. ಕಾಕಾ ಸ್ಪೀಕರಿಗೆ ಅಂತ ತಂದಿಟ್ಟ ಬಟ್ಟೆ ಒಂದು ಗಜ ಹಾಗೇ ಉಳಿದಿದೆ. ಬಂಗಾರದ ಬಣ್ಣವೇ.

ಸುರಪುರ ಕಡೆಯವನು:

ನಮ್ಮ ಕಡೆಯ ಹಳ್ಳಿಗಳಿಗೆ ರೇಡಿಯೊಗಿಂತ ಜೋರಾಗಿ ಬಂದದ್ದು ಟಿವಿ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದಿಂದ ಹಳ್ಳಿಗಳಿಗೆ ಕಾರ್ಯಕ್ರಮ ಕೊಟ್ಟರು. ಆಗ ನಾವು ಗುಲಬರ್ಗಾ ಜಿಲ್ಲೆ. ಬಿಜಾಪುರ, ರಾಯಚೂರಿನ ಹಳ್ಳಿಗಳಿಗೂ ಇತ್ತು. ಮೇಲೆ ಕೋಳಿ ಪಂಜರದ ಜಾಳಿಗೆಯ ದೊಡ್ಡ ಬುಟ್ಟಿ, ಕೆಳಗೆ ಊರೆಲ್ಲ ಕೂತು ನೋಡುವುದು. ಪಟ್ಟಣದವರ ಮನೆಯಲ್ಲಿ ಟಿವಿ ಇಲ್ಲದಾಗ ನಮ್ಮ ಹತ್ತಿರದ ಹಳ್ಳಿಯಲ್ಲಿ ಇತ್ತು! ವರ್ಷ ಮುಗಿದ ಮೇಲೆ ನಿಂತುಹೋಯಿತು. ಆಮೇಲೆ ನಮ್ಮಪ್ಪ ಎರಡು ಸೆಲ್ಲಿನ ಟ್ರಾನ್ಸಿಸ್ಟರ್ ತಂದರು. ಸೆಲ್ ಇಳಿದರೆ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟು, ಮತ್ತೆ ಎರಡು ದಿನ ತೊಗರಿ ಧಾರಣೆ ಕೇಳುತ್ತಿದ್ದೆವು.

ಶಹಾಬಜಾರ್ ಮಗಳು:

ಅವ್ವನನ್ನು ಕೇಳಿ ಬಂದೆ. ಪಟ್ಟಿಯ ಮಾತು ಎತ್ತಿದ ಕೂಡಲೇ 'ಅದು ಹಬ್ಬದಾಗ ಬರೆದದ್ದು' ಅಂದಳು.

ಅದು ದೀಪಾವಳಿ ಹೊತ್ತು. ಗಂಜಿನಲ್ಲಿ ಕಿರ್ದಿ, ಖಾತೆ ಪುಸ್ತಕದ ಪೂಜೆಗೆ ಎಲ್ಲ ತಯಾರಿ. ಮುನೀಮರಿಗೆ ವರ್ಷದಲ್ಲೇ ಜಾಸ್ತಿ ಕೆಲಸ ಇರುವ ವಾರ. ಆದರೂ ಆ ದಿನ ಅಪ್ಪ ಕೇಳಿಕೊಂಡು ಬೇಗ ಬಂದರಂತೆ. ರೇಡಿಯೊವನ್ನು ಮಾಡದಿಂದ ತೆಗೆದು, ವೈರು ಉದ್ದ ಮಾಡಿ, ಓಣಿ ಕಡೆಯ ಕಿಟಕಿಯಲ್ಲಿ ಇಟ್ಟರು. ಕಟ್ಟೆ ಮೇಲೆ ಜನ ಕೂತರು. ಅಲ್ಲಿಯವರೆಗೆ ನಮಗೆ ಕನ್ನಡ ಅಂದರೆ ಧಾರವಾಡ, ಅದೂ ಗರಗರ ಅನ್ನುತ್ತಾ ಬರುವುದು. ಆವತ್ತು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಬಂತಂತೆ. 'ಗುಲಬರ್ಗಾ ಅಂದರು' ಅಂತ ಅವ್ವ ಮೂರು ಸಲ ಹೇಳಿದಳು. ಡಬ್ಬಿಯೊಳಗಿಂದ ನಮ್ಮೂರಿನ ಹೆಸರು ಬಂತು ಅಂತ ಅಪ್ಪ ಎದ್ದು ನಿಂತರಂತೆ. ಎಲ್ಲರೂ ಎದ್ದರಂತೆ, ಯಾಕೆ ಅಂತ ಗೊತ್ತಿಲ್ಲದೆ. ನಾನು ಅವ್ವನ ತೊಡೆ ಮೇಲೆ ಮಲಗಿದ್ದೆನಂತೆ. ನಾಲ್ಕು ವರ್ಷ, ನನಗೆ ಒಂದಿಷ್ಟೂ ನೆನಪಿಲ್ಲ.

ಜನ ಹೋದ ಮೇಲೆ ಪೆನ್ಸಿಲ್ ತಂದು ಬರೆದರಂತೆ. ಅವ್ವನಿಗೆ ಉರ್ದು ಬರುವುದಿಲ್ಲ. ಏನು ಬರೆದಿರಿ ಅಂತ ಕೇಳಿದ್ದಕ್ಕೆ 'ನಮ್ಮದು' ಅಂದರಂತೆ.

ಪೆಟ್ಟಿಗೆಯ ಹಿಂದೆ ರೇಡಿಯೊ ಲೈಸೆನ್ಸಿನ ಪುಸ್ತಕವೂ ಸಿಕ್ಕಿತು, ಪೋಸ್ಟಾಫೀಸಿನಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿ ಸ್ಟಾಂಪ್ ಹಚ್ಚಿಸುತ್ತಿದ್ದದ್ದು. ಒಂದು ವರ್ಷವೂ ತಪ್ಪಿಸಿಲ್ಲ.

ಮೆಕ್ಯಾನಿಕ್ ಅಣ್ಣಾವ್ರೆ, ಹಿಂದಿನ ಹಲಗೆಯ ತೂತಿನಿಂದ ಟಾರ್ಚ್ ಬಿಟ್ಟು ನೋಡಿದೆ. ಒಂದು ವಾಲ್ವಿನ ಮೇಲೆ ಇಸಿಎಚ್ 81, ಇನ್ನೊಂದರ ಮೇಲೆ ಇಎಲ್ 84 ಅಂತ ಕಾಣುತ್ತದೆ. ಒಳಗೆ ಕೈ ಹಾಕಿಲ್ಲ, ಕರೆಂಟೂ ಕೊಟ್ಟಿಲ್ಲ. ನೀವು ಈಗಲೂ ಕೆಲಸ ಮಾಡುತ್ತೀರಾ? ಎಲ್ಲಿ ತರಬೇಕು ಹೇಳಿ, ಆಟೊದಲ್ಲಿ ನನ್ನ ಉಡಿಯಲ್ಲೇ ಇಟ್ಟುಕೊಂಡು ತರುತ್ತೇನೆ. ಹುಮನಾಬಾದಿನ ತಮ್ಮಾ, ಆ ಬಟ್ಟೆ ನನಗೆ ಬೇಕು. ಒಂದು ಗಜ ಬೇಡ, ಅಳತೆ ತೆಗೆದೆ, ಹದಿನೆಂಟು ಇಂಚು ಉದ್ದ, ಒಂಬತ್ತು ಇಂಚು ಅಗಲ ಸಾಕು.